ಕಣ ತುಳಿಯುವ ಕಾರು

ಪಣಕಹಳ್ಳಿಯಲ್ಲಿ ನಮ್ಮ ಪಕ್ಕದ ಹೊಲದ ಯಜಮಾನರು ಜೋಡೆತ್ತು ಮಾರಿ ಕಾರು ತಂದಿದ್ದರು. ಅದು ತಾನಾಗಿ ಓಡುವ ಸೌಲಭ್ಯಕ್ಕೆ ಕಂಪನಿಗೆ ಮುಂಗಡವಾಗಿಯೇ ದುಡ್ಡು ಕಟ್ಟಿದ್ದರು. ಊರು ಸುತ್ತುವ ಆಸೆಗಲ್ಲ. ಕಣದಲ್ಲಿ ಹರಡಿದ ರಾಗಿ ತೆನೆಯ ಮೇಲೆ ಕಾರು ತಾನೇ ಸುತ್ತುತ್ತಿರಲಿ, ತಾವು ಹಿಂದಿನ ಸೀಟಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂರೋಣ ಎಂದು. ಮೂರು ಸುಗ್ಗಿ ಕಳೆದರೂ ಸೌಲಭ್ಯ ಬರಲಿಲ್ಲ. ಆ ಎತ್ತುಗಳನ್ನು ಎರವಲು ಪಡೆಯುತ್ತಿದ್ದ ನನಗೂ ಸಿಟ್ಟಿತ್ತು. ಕೇಳಿದರೆ ಮೊಬೈಲನ್ನು ಪಂಚೆಗೆ ಒರೆಸಿ ನೋಡಿ, "ಮುಂದಿನ ತಿಂಗ್ಳು ಬತ್ತದ ಕಣ್ಲಾ" ಎನ್ನುತ್ತಿದ್ದರು.

ಒಮ್ಮೆ ಇವರು ಫೋನಿನಲ್ಲಿ ಜಗಳವಾಡಿದಾಗ, ಸೌಲಭ್ಯ ಬಂದರೂ ಕಾರು ಬಿಳಿ ಗೆರೆ ಎಳೆದ ರಸ್ತೆಯಲ್ಲಿ ಮಾತ್ರ ಓಡುತ್ತದೆ ಎಂದರಂತೆ ಕಂಪನಿಯವರು. ಮಾರನೆಯ ಬೆಳಿಗ್ಗೆ ನೋಡಿದರೆ ಕಣದ ಸುತ್ತ ಸುಣ್ಣದ ಗೆರೆ! ಇವರು ಹಿಂದಿನ ಸೀಟಿನಲ್ಲಿ ಕಾಯುತ್ತಾ ಕೂತಿದ್ದಾರೆ. ಕಾರು ಅಲ್ಲಾಡಲಿಲ್ಲ.

ಮೊರ ಹಿಡಿದು ನಿಂತಿದ್ದ ಅವರ ಹೆಂಡತಿಗೆ ರೇಗಿಹೋಯಿತು. "ಇದ್ಕಿಂತ ಎತ್ತೇ ವಾಸಿ, ಬಯ್ದ್ರಾದ್ರೂ ನಡೀತಿದ್ದೊ" ಎಂದು ಮೊರ ಬಿಸಾಕಿ, ತಾವೇ ಸ್ಟಿಯರಿಂಗ್ ಹಿಡಿದು ಕಣ ಸುತ್ತತೊಡಗಿದರು. ಮೂರನೆಯ ಸುತ್ತಿಗೆ ಇವರು ಹಿಂದಿನ ಕಿಟಕಿಯಿಂದ ತಲೆ ಹೊರಹಾಕಿ ನನಗೆ ಕೂಗಿದರು: "ನೋಡ್ಲಾ, ನಾ ಕೈಯೇ ಇಕ್ಕಿಲ್ಲ!"