ಅವ್ವ ಬೆಸುಗೆ ಹಾಕಿದ ಬೇಸಿಗೆ

ಆಗಿನ್ನೂ ಟಿವಿ ಎಂದರೆ ಇಬ್ಬರು ಹಿಡಿದು ಎತ್ತಬೇಕಾದ, ಬೆನ್ನು ಉಬ್ಬಿದ ಡಬ್ಬಿ. ರಾಣೆಬೆನ್ನೂರಿನ ನಮ್ಮ ಪಡಸಾಲೆಯಲ್ಲಿ ಅಂಥವು ಯಾವಾಗಲೂ ಬಿಚ್ಚಿಕೊಂಡು ಕೂತಿರುತ್ತಿದ್ದವು. ಅಪ್ಪ ಹಗಲೆಲ್ಲ ಬೀಜದ ಕಂಪನಿಯಲ್ಲಿ ಚೀಲ ಹೊಲಿದು ಬಂದು, ಸಂಜೆ ಅವನ್ನು ರಿಪೇರಿ ಮಾಡುತ್ತಿದ್ದ. ಬೇಸಿಗೆಯಲ್ಲಿ ಕರೆಂಟು ಏರಿಳಿದು ಟಿವಿಗಳು ಸಾಲಾಗಿ ಕೆಡುತ್ತಿದ್ದವು. ಬೆಸುಗೆಯ ರಾಳದ ಹೊಗೆಯಲ್ಲೇ ನಾವು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ನಾನೂ ತಂಗಿಯೂ ಖಾಲಿ ಡಬ್ಬಿಯೊಳಗೆ ಮುಖವಿಟ್ಟು ವಾರ್ತೆ ಓದುವ ಆಟ ಆಡುತ್ತಿದ್ದೆವು.

ಆ ವರ್ಷ ಓಣಿಯ ಗಂಗಜ್ಜಿಯ ಟಿವಿ ಬಂತು. ಲಕ್ವಾ ಹೊಡೆದು ಮಲಗಿದ್ದ ಅಜ್ಜಿಗೆ ಅದೊಂದೇ ಜೊತೆ. ಹೊಸ ಫ್ಯೂಸು ಹಾಕಿದ ಕೂಡಲೇ ಸುಟ್ಟುಹೋಗುತ್ತಿತ್ತು.

“ಪವರ್ ಸಪ್ಲೈದಾಗ ಎಲ್ಲೋ ಶಾರ್ಟ್ ಐತಿ” ಎಂದ ಅಪ್ಪ. ದಣಿದು ಕಣ್ಣು ಎಳೆಯುತ್ತಿದ್ದವು. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ. ಬಲ್ಬಿಗೆ ಹಚ್ಚಿ ಅದನ್ನು ಮೊದಲು ಇಳಿಸಬೇಕು. ಅವತ್ತು ಮರೆತ. ಚಟ್ ಎಂದಿತು. ಅಪ್ಪ ಹಿಂದಕ್ಕೆ ಹಾರಿ ಗೋಡೆಗೆ ಬಡಿದ.

“ಏನಾತ್ರಿ? ಮಾತಾಡ್ರಿ!” ಅವ್ವ ಓಡಿಬಂದಳು.

ಜೀವ ಉಳಿಯಿತು. ಆದರೆ ದಿನಗಳು ಕಳೆದರೂ ಬಲಗೈ ನಡುಕ ನಿಲ್ಲಲಿಲ್ಲ.

“ಸಾಕಿನ್ನ, ಎಲ್ಲಾ ಹೊಳ್ಳಿ ಕೊಟ್ಟು ಕಳಸ್ರಿ” ಎಂದಳು ಅವ್ವ.

“ಗಂಗಜ್ಜಿ ಬರೇ ಗ್ವಾಡಿ ನೋಡ್ಕೋಂತ ಮಲಗ್ಯಾಳ. ಅದೊಂದಾದ್ರೂ ಮಾಡಿ ಕೊಡೂಣು.”

“ಈ ಕೈಲೇನ?”

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಟಿವಿಯ ಮುಂದೆ ಕೂತಳು. “ಎಲ್ಲಿ ಹಿಡೀಬೇಕು ಹೇಳ್ರಿ.”

ಫ್ಯೂಸಿನ ಜಾಗಕ್ಕೆ ಬಲ್ಬು ಸೇರಿಸಿ ಪ್ಲಗ್ ಹಾಕಿದರು. ಅದು ಕಣ್ಣು ಕುಕ್ಕುವಂತೆ ಉರಿಯಿತು. ಕರೆಂಟು ಮಿತಿಮೀರಿ ಹರಿಯುತ್ತಿತ್ತು, ಶಾರ್ಟ್ ಇರುವುದು ಖಾತ್ರಿ. ಪ್ಲಗ್ ಕಿತ್ತು, ಕಂಡೆನ್ಸರಿನ ಕರೆಂಟು ಇಳಿಸಿ, ಅಪ್ಪ ಹೇಳಿದಂತೆ ಅವ್ವ ಒಂದೊಂದೇ ಡಯೋಡಿಗೆ ಮೀಟರ್ ಹಿಡಿದಳು. ಡಯೋಡು ಒಂದೇ ಕಡೆ ಕರೆಂಟು ಬಿಡಬೇಕು; ಅವುಗಳಲ್ಲೊಂದು ಎರಡೂ ಕಡೆ ಬಿಡುತ್ತಿತ್ತು. ಬೆಸುಗೆ ಕಾಯಿಸಿ ಅದನ್ನು ಕೀಳುವಾಗ ಬೆರಳು ಸುಟ್ಟುಕೊಂಡಳು. ಹೊಸದನ್ನು ಬೆಸೆದು ಪ್ಲಗ್ ಹಾಕಿದಾಗ ಬಲ್ಬು ಒಮ್ಮೆ ಉರಿದು ಮಂಕಾಯಿತು, ಶಾರ್ಟ್ ಹೋಗಿತ್ತು. ಆಮೇಲೆ ಬಲ್ಬು ತೆಗೆದು ಫ್ಯೂಸು ಹಾಕಿದರು. ಪರದೆ ಚಿಟಚಿಟ ಎಂದು ಬೆಳಗಿತು.

ಯಾರೂ ಕುಣಿಯಲಿಲ್ಲ. ಅವ್ವ ಗೋಡೆಗೊರಗಿ, “ಇನ್ನ ಅಡಗಿ ಆಗಬೇಕಲ್ಲ” ಎಂದಳು, ಏಳಲಿಲ್ಲ. ಅವತ್ತು ಅಪ್ಪನೇ ಎಡಗೈಯಲ್ಲಿ ಉಪ್ಪಿಟ್ಟು ತಿರುವಿದ.

ಅಪ್ಪನ ಕೈ ಪೂರ್ತಿ ಸರಿಹೋಗಲೇ ಇಲ್ಲ. ತೆಳು ಟಿವಿಗಳು ಬರುವವರೆಗೂ ಅವನು ಹೇಳುತ್ತಿದ್ದ, ಅವಳು ಬೆಸುಗೆ ಹಾಕುತ್ತಿದ್ದಳು. ಈಗ ಇಬ್ಬರೂ ಇಲ್ಲ.

ಮೊನ್ನೆ ನಮ್ಮ ಮನೆಯ ಟಿವಿ ಕಪ್ಪಾಯಿತು. ರಿಪೇರಿಗೆ ಬಂದವನು ಬಿಚ್ಚಿಯೂ ನೋಡದೆ, “ಬೋರ್ಡ್ ಹೋಗೈತ್ರಿ, ಹೊಸಾದು ತಗೋರಿ” ಎಂದು ಹೊರಟ. ಅಪ್ಪನ ಹಾಗೆ ನಾನೂ ಆಗಷ್ಟೇ ಕೆಲಸದಿಂದ ದಣಿದು ಬಂದು ಕೂತಿದ್ದೆ. ಬೋರ್ಡಿನಲ್ಲಿ ಯಾವ ಭಾಗ ಹೋಗಿದೆ ಎಂದು ಕೇಳುವಷ್ಟೂ ತ್ರಾಣ ನನ್ನಲ್ಲಿರಲಿಲ್ಲ.