ಏಳನೇ ನಂಬರಿನ ಹೆಲ್ಮೆಟ್ಟು

ಗೇರುಸೊಪ್ಪ ರಸ್ತೆಯ ಗುಡ್ಡದಲ್ಲಿ ಶಾಂತಾರಾಮ ಹೆಗಡೆಯವರ ಚಿರೆಕಲ್ಲು ಕ್ವಾರಿ. ಅಲ್ಲಿ ಹೆಲ್ಮೆಟ್ಟುಗಳು ಕಪಾಟಿನಿಂದ ಹೊರಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ: ಆಯುಧಪೂಜೆಗೊಮ್ಮೆ, ಅಧಿಕಾರಿ ಬಂದಾಗೊಮ್ಮೆ. ಉಳಿದ ದಿನ ಅವು ಬೀಗದೊಳಗೆ ಸುಖವಾಗಿರುತ್ತಿದ್ದವು. ಕಲ್ಲು ತೆಗೆಯುವವರ ತಲೆಗೆ ಹಳೇ ಟವೆಲು.

ಗಣಪಿ ಹದಿನೆಂಟು ವರ್ಷದಿಂದ ಅಲ್ಲಿ ಕಲ್ಲು ಹೊತ್ತವಳು. ಬಾಯಿ ಜೋರು ಎಂದು ಕ್ವಾರಿಯ ಲೆಕ್ಕ ಬರೆಯುವ ರೈಟರ್ ನಿತ್ಯಾನಂದನಿಗೆ ಅವಳನ್ನು ಕಂಡರಾಗದು, ಅವಳಿಗೂ ಅಷ್ಟೇ. ಜನವರಿಯಲ್ಲಿ ಹೊಂಡದ ಗೋಡೆ ಜರಿದು ಅವಳ ಗಂಡ ತಿಮ್ಮನ ತಲೆಯ ಮೇಲೆ ಕಲ್ಲು ಬಿತ್ತು. ಜೀವ ಉಳಿಯಿತು, ಮಾತು ಹೋಯಿತು. ಕ್ವಾರಿಯ ವರದಿಗೆ ಮಾತ್ರ ಮಾತಿನ ಬರವಿರಲಿಲ್ಲ. ದಿನಾ ಹೆಲ್ಮೆಟ್ಟು ಕೊಟ್ಟಿದ್ದೇವೆ, ತಿಮ್ಮ ಉಡಾಫೆಯಿಂದ ತೆಗೆದಿಟ್ಟ, ತಪ್ಪು ಅವನದೇ ಎಂದು ಬರೆದಿದ್ದರು. ಅದನ್ನು ಓದಿಸಿ ಕೇಳಿದ ದಿನ ಗಣಪಿಯ ಮೈ ಉರಿದುಹೋಯಿತು. ಬಾಯಿಲ್ಲದವನ ತಲೆಗೆ ತಪ್ಪು ಕಟ್ಟಲು ಇವರಿಗೆ ನಾಚಿಕೆಯೂ ಇಲ್ಲವಲ್ಲ!

ಫೆಬ್ರವರಿಯಲ್ಲಿ ಗಣಿ ಸುರಕ್ಷತೆಯ ಅಧಿಕಾರಿ ಸೌಜನ್ಯಾ ವಿಚಾರಣೆಗೆ ಬಂದರು. ಹತ್ತಕ್ಕೆ ಎಂದವರು ಎಂಟಕ್ಕೇ ಜೀಪಿನಿಂದ ಇಳಿದರು. ನಿತ್ಯಾನಂದ ಗಡಿಬಿಡಿಯಲ್ಲಿ ಹೆಲ್ಮೆಟ್ಟುಗಳನ್ನು ಮೇಜಿನ ಮೇಲೆ ಸುರಿದ. ಎಲ್ಲರೂ ತಮ್ಮ ತಮ್ಮ ನಂಬರಿನದು ಎತ್ತಿಕೊಂಡರು. ತಿಮ್ಮನ ಏಳನೇದು ಉಳಿಯಿತು.

"ದಿನಾ ಹಾಕ್ತೀರಾ?" ಸೌಜನ್ಯಾ ಕೇಳಿದರು.

"ದಿನಾ" ಎಂದ ಕಲ್ಲು ತೆಗೆಯುವ ಪಾಂಡು, ನೆಲ ನೋಡುತ್ತ.

ಗಣಪಿ ಏಳನೇದನ್ನು ಎತ್ತಿ ಅಧಿಕಾರಿಯ ಮುಂದೆ ಹಿಡಿದಳು.

"ಇದು ನಮ್ಮನಿಯವ್ರದ್ದು ಅಮ್ಮ. ಆಯುಧಪೂಜೆಗೆ ಕುಂಕುಮ ಹಚ್ಚಿದ್ದು ನಾನೇ. ದಿನಾ ಹೊಂಡಕ್ಕಿಳಿದ್ರೆ ಕುಂಕುಮ ಹಿಂಗೇ ಇರ್ತದಾ? ಅಂಗಡಿಯಿಂದ ಬಂದ ಒಳಗಿನ ಪ್ಲಾಸ್ಟಿಕ್ ಕವರೂ ಹರಿಲಿಲ್ಲ. ಎಲ್ಲರದ್ದೂ ನೋಡಿ."

ಎಲ್ಲದರ ಮೇಲೂ ಕುಂಕುಮವಿತ್ತು. ಒಂದರಲ್ಲಿ ಒಣಗಿದ ಚೆಂಡುಹೂವಿನ ಎಸಳೂ ಅಂಟಿಕೊಂಡಿತ್ತು.

"ಗಣಪೀ, ನಾಳೆಯಿಂದ ನಿಂಗೆ ಇಲ್ಲಿ ಎಂತ ಕೆಲಸವೂ ಇಲ್ಲ" ಎಂದರು ಮೇಜಿನಾಚೆ ನಿಂತಿದ್ದ ಶಾಂತಾರಾಮ.

"ಆತು ಒಡೆಯರೇ. ತಲೆ ಒಡೆದದ್ದು ಅವ್ರದ್ದು, ತಪ್ಪೂ ಅವ್ರದ್ದೇ ಹೇಳಿ ಬರೆದ್ರಲ್ಲ, ಅದನ್ನ ಮೊದ್ಲು ಅಳಿಸಿ."

ಸೌಜನ್ಯಾ ಎಲ್ಲವನ್ನೂ ಬರೆದುಕೊಂಡು ಏಳನೇದನ್ನು ಚೀಲಕ್ಕೆ ಹಾಕಿದರು. "ಇದು ಸಾಕ್ಷಿ. ಹೇಳಿಕೆ ಕೊಟ್ಟದ್ದಕ್ಕೆ ಇವರನ್ನು ತೆಗೆದರೆ ಅದನ್ನೂ ಬರೆಯುತ್ತೇನೆ. ಹೆಲ್ಮೆಟ್ಟಿಲ್ಲದೆ ಹೊಂಡಕ್ಕೆ ಇಳಿಯುವುದಿಲ್ಲ ಅನ್ನುವ ಹಕ್ಕು ನಿಮಗೆಲ್ಲ ಇದೆ."

ಜೀಪು ತಿರುವು ದಾಟುತ್ತಲೇ ನಿತ್ಯಾನಂದ ಕಪಾಟು ತೆರೆದು ಗುಡುಗಿದ. "ಹ್ಞೂಂ, ತೆಗೆದಿಡಿ!"

ಪಾಂಡು ಗಣಪಿಯ ಮುಖ ನೋಡಿದ. ಗದ್ದದ ಪಟ್ಟಿ ಬಿಗಿದುಕೊಂಡು ಹೊಂಡಕ್ಕೆ ಇಳಿದ. ಹಿಂದೆಯೇ ಉಳಿದವರೂ ಇಳಿದರು. ನಿತ್ಯಾನಂದ ಬೀಗ ಹಿಡಿದು ಖಾಲಿ ಕಪಾಟಿನ ಮುಂದೆ ನಿಂತೇ ಇದ್ದ.