ಬಟನ್ ಟೈರಿನ ಸಪ್ಪಳ

ಗಾಡಿ ಕೊಳ್ಳುವವರು ಎಂಜಿನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಮೊದಲು ಕುಕ್ಕುರುಗಾಲಲ್ಲಿ ಕೂತು ಟೈರು ನೋಡುವ ರೂಢಿ. ಅದನ್ನು ಹಾಕಿಕೊಟ್ಟವನು ನನ್ನ ಅಣ್ಣ. ಎರೆಮಣ್ಣಿನಲ್ಲಿ ಹುಟ್ಟಿದವನಿಗೆ ಗಾಡಿ ಅಂದರೆ ಟೈರು, ಉಳಿದದ್ದೆಲ್ಲ ಅದರ ಮೇಲೆ ಹೇರಿದ ಸಾಮಾನು ಎನ್ನುತ್ತಿದ್ದ.

ನಮ್ಮದು ರೋಣ ತಾಲೂಕಿನ ಊರು, ಯಾವಗಲ್ಲಿನಿಂದ ಸ್ವಲ್ಪ ಆಚೆ. ಮಳೆ ಬಿದ್ದ ಮೇಲೆ ಅಲ್ಲಿಯ ಹೊಲದ ದಾರಿಗೆ ಗಾಡಿ ಇಳಿಸಿ ನೋಡಬೇಕು. ಮಣ್ಣು ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗೆ ಕಲಸಿದ ಹಿಟ್ಟಿನ ಹಾಗೆ ತುಂಬಿಕೊಂಡು, ನಾಲ್ಕು ಮಾರು ಹೋಗುವುದರೊಳಗೆ ಗಾಲಿ ತಿರುಗುವುದನ್ನೇ ಬಿಟ್ಟುಬಿಡುತ್ತದೆ. ಅದಕ್ಕೇ ಅಣ್ಣ ತನ್ನ ಗಾಡಿಯ ಮುಂದಿನ ಮಡ್‌ಗಾರ್ಡನ್ನು ಬಿಚ್ಚಿ ಅಟ್ಟದ ಮೇಲೆ ಒಗೆದಿದ್ದ. ಎರಡೂ ಗಾಲಿಗೆ ಬಟನ್ ಟೈರು ಹಾಕಿಸಿದ್ದ. ಮೈತುಂಬ ರಬ್ಬರಿನ ದಪ್ಪ ಗುಬುಟುಗಳಿದ್ದು ಮಣ್ಣನ್ನು ಕಚ್ಚಿ ಹಿಡಿಯುವ ಟೈರಿಗೆ ಎಲ್ಲರೂ ಹಾಗೇ ಅನ್ನುವುದು. ಸೀಟಿನ ಕೆಳಗೆ ಮುರಿದ ಕುಡಗೋಲಿನ ಒಂದು ತುಂಡು ಇಟ್ಟಿರುತ್ತಿದ್ದ. ಡಾಂಬರು ಹತ್ತುವ ಮೊದಲು ಇಳಿದು, ಎತ್ತಿನ ಗೊರಸು ನೋಡುವವನ ಹಾಗೆ ಕಣ್ಣು ಸಣ್ಣ ಮಾಡಿ, ಗುಬುಟುಗಳ ನಡುವಿನ ಮಣ್ಣು ಕೆತ್ತುತ್ತಿದ್ದ.

ಬಟನ್ ಟೈರು ಮಣ್ಣಿನಲ್ಲಿ ಬಾಯಿ ಬಿಡುವುದಿಲ್ಲ. ಡಾಂಬರಿಗೆ ಬಂತೋ, ಖಾಲಿ ಕೊಡದ ಬಾಯಿಗೆ ಬಾಯಿಟ್ಟು ಯಾರೋ ಊದಿದ ಹಾಗೆ ಗುಂಯ್ ಎನ್ನುತ್ತದೆ. ಊರ ನೀರಿನ ಟಾಕಿಯಿಂದ ನಮ್ಮ ಮನೆಯ ತನಕ ರಸ್ತೆ ಇಳಕಲು. ಟಾಕಿ ಬಂತೆಂದರೆ ಅಣ್ಣ ಎಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಡುತ್ತಿದ್ದ. ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಅವನ ವಾದ. ಹಾಗಾದರೆ ಹೋಗುವಾಗ ದೂಡಿಕೊಂಡೇ ಹೋಗು, ಇನ್ನೂ ಉಳಿಯುತ್ತದೆ ಎಂದು ಅವ್ವ ಅಣಕಿಸುತ್ತಿದ್ದಳು. ಏನೇ ಇರಲಿ, ದಿನಾ ಸಂಜೆ ಮನೆಗೆ ಮೊದಲು ಬರುತ್ತಿದ್ದುದು ಟೈರಿನ ಸಪ್ಪಳ, ಅದರ ಹಿಂದೆ ಅಣ್ಣ.

ಆ ಸಪ್ಪಳ ಕಿವಿಗೆ ಬಿದ್ದ ಕೂಡಲೇ ವೈನಿ, ಅಂದರೆ ಅಣ್ಣನ ಹೆಂಡತಿ, ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು. ಅಣ್ಣ ಕೈಕಾಲು ತೊಳೆದು ಬಂದು ಕೂರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ನಮ್ಮ ಎದುರು ಅವರಿಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಆಡುವುದನ್ನೆಲ್ಲ ಆ ಟೈರೂ ಈ ಹಂಚೂ ಆಡಿ ಮುಗಿಸುತ್ತಿದ್ದವೇನೋ.

ಅಣ್ಣ ಹೋದದ್ದು ಗಾಡಿಯಿಂದಲ್ಲ. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವನು ದವಾಖಾನೆ ಮುಟ್ಟಲಿಲ್ಲ. ಅವನ ಹಾಸಿಗೆ, ಚಪ್ಪಲಿ ಎಲ್ಲ ಪದ್ಧತಿಯಂತೆ ಮನೆಯಿಂದ ಹೊರಗೆ ಹೋದವು. ಗಾಡಿ ಕಣ್ಣೆದುರು ನಿಲ್ಲುವುದು ಬೇಡವೆಂದು ಅವ್ವ ಹಟ ಹಿಡಿದದ್ದಕ್ಕೆ ದೂರದ ನೆಂಟರೊಬ್ಬರು ಅದನ್ನು ಟ್ರ್ಯಾಕ್ಟರಿಗೆ ಹೇರಿ ಒಯ್ದರು. ಅವರು ಹೇರುವ ಮೊದಲು ವೈನಿ ಸೆರಗು ಸಿಕ್ಕಿಸಿಕೊಂಡು ಬಂದು, ಸೀಟು ಎತ್ತಿ, ಆ ಕುಡಗೋಲಿನ ತುಂಡನ್ನು ತೆಗೆದುಕೊಂಡು ಒಳಗೆ ಹೋದಳು.

ನನ್ನ ಸಂಸಾರ ನರಗುಂದದಲ್ಲಿ. ಗಜೇಂದ್ರಗಡದ ನೇಕಾರರ ಮನೆಗಳಿಂದ ಸೀರೆ ತಂದು ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಉದ್ಯೋಗ. ಹಳೆಯ ಸ್ಕೂಟರ್ ಕೈಕೊಟ್ಟಾಗ ಹೊಸ ಗಾಡಿಯ ಮಾತು ಬಂತು. ನನ್ನ ಓಡಾಟವೆಲ್ಲ ಪೇಟೆಯೊಳಗೇ: ಬಸ್ ಸ್ಟ್ಯಾಂಡಿನ ಗದ್ದಲ, ಮಾರ್ಕೆಟ್ಟಿನ ಓಣಿ, ಗಟಾರದ ಮೇಲೆ ಹಾಸಿದ ಎದ್ದ ಬಂಡೆ, ಹೆಜ್ಜೆಗೊಂದು ಹಂಪ್. ವಾರಕ್ಕೊಮ್ಮೆ ಮಾತ್ರ ಊರಿಗೆ ಹೋಗಿ ಹೊಲ ನೋಡಿಕೊಂಡು ಬರಬೇಕು. ಹೀಗೆ ಡಾಂಬರಿಗೂ ಮಣ್ಣಿಗೂ ಆಗಿಬರುವಂಥ, ಹಗುರಾದ, ಕಾಲು ಉದ್ದದ ಒಂದು ಸಣ್ಣ ಗಾಡಿ ಆರಿಸಿದೆ. ಮುಂದಿನ ಗಾಲಿ ದೊಡ್ಡದು, ಮಡ್‌ಗಾರ್ಡು ಗಾಲಿಯಿಂದ ಗೇಣು ಮೇಲೆ. ಅದನ್ನು ಕಂಡೊಡನೆ ಅಣ್ಣ ಅಟ್ಟಕ್ಕೆ ಒಗೆದ ಮಡ್‌ಗಾರ್ಡು ನೆನಪಾಯಿತು. ಈ ಗಾಡಿಯಾಗಿದ್ದರೆ ಅವನಿಗೆ ಬಿಚ್ಚುವ ಕೆಲಸವೇ ಇರುತ್ತಿರಲಿಲ್ಲ. ನನ್ನ ಹೆಂಡತಿ ಮೊದಲ ಸಲ ಹಿಂದೆ ಹತ್ತಲು ನೋಡಿ, ಕಾಲು ಸಾಲದೆ ಕೆಳಗೇ ನಿಂತು, "ಇದಕ್ಕ ಒಂದು ನಿಚ್ಚಣಕಿನೂ ಕೊಟ್ಟಾರೇನ್ರಿ?" ಎಂದಳು.

ಪೂಜೆ ಮಾಡಿ, ಗಾಲಿ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸಿದ್ದಾಯಿತು. ಮೊದಲ ಮಳೆಗೆ ಕಂಪನಿಯವರು ಹಾಕಿಕೊಟ್ಟ ಟೈರು ಹೊಲದ ದಾರಿಯಲ್ಲಿ ಜಾರಿ, ಗಾಡಿ ನನ್ನನ್ನು ಬದುವಿನ ಮೇಲೆ ಮಲಗಿಸಿತು. ಮುಂದಿನ ಸಲ ಸೀರೆಗೆಂದು ಗಜೇಂದ್ರಗಡಕ್ಕೆ ಹೋದವನು ಟೈರಿನ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ನನ್ನ ಅಣ್ಣನಿಗೂ ಟೈರು ಮಾರಿದವರು. ಬಟನ್ ಟೈರು ಬೇಕೆಂದೆ.

"ಎಲ್ಲಿ ಓಡಸ್ತೀರಿ?"

"ದಿನಾ ಊರಾಗ. ವಾರಕ್ಕೊಮ್ಮೆ ಎರಿ ಮಣ್ಣಾಗ."

"ಹಂಗಾದ್ರ ವಾರಕ್ಕೊಮ್ಮೆ ಬೀಳ್ರಿ. ದಿನಾ ಬೀಳೂದಕಿಂತ ಚಲೋ ಅಲ್ಲೇನ್ರಿ?"

ನಕ್ಕೆವು. ಅವರು ಮೂರು ನಮೂನೆಯ ಟೈರು ಉರುಳಿಸಿಕೊಂಡು ಬಂದು ಕಟ್ಟೆಗೆ ಆನಿಸಿದರು. ಒಂದು ಪೇಟೆಯ ಟೈರು, ಗೀರು ಮಾತ್ರ ಇರುವಂಥದು. ಒಂದು ಬಟನ್. ನಡುವಿನದು ಅರ್ಧಕ್ಕರ್ಧ: ಮಧ್ಯದಲ್ಲಿ ಗುಬುಟುಗಳು ಒತ್ತೊತ್ತಾಗಿ, ಅಂಚಿನಲ್ಲಿ ಬಿಡಿಬಿಡಿಯಾಗಿ. ಪೇಟೆಯ ಹಸಿ ರಸ್ತೆಯಲ್ಲಿ ಬಟನ್ ಟೈರು ನೆಲಕ್ಕೆ ಪೂರ್ತಿ ಊರುವುದಿಲ್ಲ, ಲಗೂನೆ ಸವೆಯುತ್ತದೆ, ಬ್ರೇಕ್ ಹಿಡಿದರೆ ಜಾರುತ್ತದೆ, ಅರ್ಧಕ್ಕರ್ಧದ್ದು ಒಯ್ಯಿರಿ ಎಂದು ಅವರು ಬಿಡಿಸಿ ಹೇಳಿದರು. ನಾನು ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದು, ಕೊನೆಗೆ ಬಟನ್ ಟೈರಿನ ಮೇಲೇ ಕೈ ಇಟ್ಟೆ. ನಮ್ಮ ಮನೆಯಲ್ಲಿ ಟೈರು ಅಂದರೆ ಅದೇ ಆಗಿತ್ತು.

ಆ ವಾರ ಊರಿಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಟಾಕಿ ಬಂದ ಕೂಡಲೇ ನನ್ನ ಕೈ ತಾನಾಗಿ ಚಾವಿ ತಿರುಗಿಸಿತು. ಅಣ್ಣನ ಹಿಂದೆ ಕೂತು ಆ ಇಳಕಲು ಇಳಿದೇ ದೊಡ್ಡವನಾದವನು ನಾನು. ಎಂಜಿನ್ ನಿಂತಿತು. ಅಡಿಯಿಂದ ಆ ಸಪ್ಪಳ ಗುಂಯ್ ಎಂದು ಎದ್ದಿತು. ನನಗೆ ಹಿತವೇ ಅನಿಸಿತು, ಸುಳ್ಳು ಯಾಕೆ ಹೇಳಲಿ. ಬೆನ್ನ ಹಿಂದೆ ಯಾರೋ ಬೆಚ್ಚಗೆ ಕೂತ ಹಾಗೆ ಅನಿಸಿತು.

ಬಾಗಿಲಲ್ಲಿ ವೈನಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ನನ್ನನ್ನು ದಾಟಿ ಗಾಡಿಯ ಮೇಲಿತ್ತು. ಆಮೇಲೆ ನನ್ನ ಮುಖ ನೋಡಿ, "ನೀನಾ," ಎಂದಳು. ತಂಬಿಗೆಯ ನೀರನ್ನು ತುಳಸಿಯ ಬುಡಕ್ಕೆ ಸುರಿದು ಒಳಗೆ ಹೋದಳು. ಒಲೆಯ ಮೇಲೆ ಹಂಚು ಕಾದಿತ್ತು, ಅದರ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು. ಅವಳಿಗೆ ಆ ವಾಸನೆ ಬಂದ ಹಾಗೆ ಕಾಣಲಿಲ್ಲ. ಅವ್ವ ಎದ್ದು ಹೋಗಿ ತೆಗೆದಳು.

ಮುಂದಿನ ವಾರಗಳಲ್ಲೂ ಅದೇ. ನಾನು ಬರುವ ಹೊತ್ತಿಗೆ ಹಂಚು ಕಾದಿರುತ್ತಿತ್ತು, ವೈನಿ ಬಾಗಿಲಿಗೆ ಬಂದಿರುತ್ತಿದ್ದಳು, ನನ್ನನ್ನು ಕಂಡು ಒಳಗೆ ಹೋಗುತ್ತಿದ್ದಳು. ಒಂದು ಬೆಳಗ್ಗೆ ಆ ಕುಡಗೋಲಿನ ತುಂಡು ನನ್ನ ಗಾಡಿಯ ಸೀಟಿನ ಮೇಲಿತ್ತು. ಇಟ್ಟವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಹೊಲದಿಂದ ಬರುವಾಗ ಅದರಿಂದಲೇ ಟೈರಿನ ಮಣ್ಣು ಕೆತ್ತಿದೆ. ನನಗೇ ತಿಳಿಯದ ಹಾಗೆ ಕಣ್ಣು ಸಣ್ಣ ಮಾಡಿಕೊಂಡಿದ್ದೆ.

ಆಮೇಲೊಮ್ಮೆ ದನದ ಮನೆಯಲ್ಲಿ ಸಗಣಿ ತೆಗೆಯುತ್ತಿದ್ದ ಅವ್ವ ನನ್ನನ್ನು ಕರೆದು ದನಿ ಇಳಿಸಿದಳು.

"ನೀ ಬರೂ ದಿನ ಅಷ್ಟ ಅಲ್ಲೋ. ಈಗ ದಿನಾ ಸಂಜಿಕ ಹಂಚ ಇಟ್ಟು ಕುಂದರತಾಳ. ಕಿವಿ ಎಲ್ಲಾ ರಸ್ತಾದ ಕಡೆ. ಹಂಚ ಕಾದು ಕಾದು ಕೆಂಪಾಗೂತನಾ ಕುಂತು, ಇಳಿಸಿ ಇಟ್ಟು, ಉಣದ ಮಲಗತಾಳ."

"ನೀ ಏನೂ ಅನ್ನಲಿಲ್ಲೇನ ಅವ್ವಾ?"

"ಏನಂತ ಅನ್ನಲಿ? ನನಗೂ ಕೇಳಿದಂಗ ಆಗತೈತಿ."

ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು. ಅಲ್ಲಿಂದ ನನಗೆ ಹೆದರಿಕೆ ಹತ್ತಿತು. ವೈನಿ ಕೈಯಲ್ಲಿ ಉಳಿಸಿಕೊಂಡಿದ್ದ ಒಂದೇ ಬೆಳ್ಳಿಯ ಬಳೆ ಸಡಿಲಾಗಿ ಮೊಣಕೈ ತನಕ ಜಾರುತ್ತಿದ್ದುದನ್ನು ನಾನೂ ನೋಡಿದ್ದೆ. ಅಣ್ಣ ಹೋದ ಮೇಲೆ ಅತ್ತು, ಚೇತರಿಸಿಕೊಂಡು, ಮಗಳನ್ನು ಹಾಸ್ಟೆಲ್ಲಿಗೆ ಸೇರಿಸಿ, ಹೊಲದ ಆಳುಗಳ ಮೇಲೆ ಜೋರು ಮಾಡುವಷ್ಟು ಗಟ್ಟಿಯಾಗಿದ್ದವಳು. ಈಗ ನನ್ನ ಎರಡು ಟೈರು ಅವಳನ್ನು ಮತ್ತೆ ಆ ಬಾಗಿಲಿಗೆ ತಂದು ನಿಲ್ಲಿಸಿದ್ದವು. ಟೈರು ಬಿಚ್ಚಿಸಿದರೆ ಆಯಿತಲ್ಲ ಎಂದು ನೀವು ಹೇಳಬಹುದು. ಆ ಟ್ರ್ಯಾಕ್ಟರು ಗಾಡಿ ಒಯ್ದ ದಿನ ಅವಳು ಹೇಗೆ ಒಳಗೆ ಹೋದಳೆಂದು ನೀವು ನೋಡಿಲ್ಲ. ಮತ್ತೊಮ್ಮೆ ಅದೇ ಕೆಲಸವನ್ನು ನಾನು ನನ್ನ ಕೈಯಾರೆ ಮಾಡಬೇಕಿತ್ತು.

ದಾರಿ ತೋರಿಸಿದ್ದು ನರಗುಂದದ ಬಸ್ ಸ್ಟ್ಯಾಂಡಿನ ಮುಂದಿನ ಸಿಮೆಂಟ್ ರಸ್ತೆ. ಜಿಟಿಜಿಟಿ ಮಳೆಯಲ್ಲಿ ಒಂದು ಆಡು ಅಡ್ಡ ಬಂತು, ಬ್ರೇಕ್ ಹಿಡಿದೆ. ಚಾಚಾ ಹೇಳಿದ್ದೆಲ್ಲ ಒಂದೇ ಕ್ಷಣದಲ್ಲಿ ಆಯಿತು. ನಾನು ಒಂದು ಕಡೆ, ಗಾಡಿ ಒಂದು ಕಡೆ, ಸೀರೆಯ ಗಂಟು ಕೆಸರಿನಲ್ಲಿ. ಆಡು ನಿಂತು ನೋಡಿ ಹೋಯಿತು. ಹೂ ಮಾರುವ ಮುದುಕಿ ಓಡಿಬಂದು ಎಬ್ಬಿಸುತ್ತ, ಇಷ್ಟು ಎತ್ತರದ್ದನ್ನು ಹತ್ತುವುದು ಯಾಕೆ, ಬೀಳುವುದು ಯಾಕೆ ಎಂದು ಬೈದಳು. ಮೊಣಕಾಲು ತರಚಿತ್ತು, ಅಷ್ಟೇ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಮಾತ್ರ ಇಳಿದು ಬಂದು ತನ್ನ ಮುಂದಿನ ಗಾಲಿಯನ್ನೂ ನನ್ನನ್ನೂ ನೋಡಿ, ಏನೂ ಅನ್ನದೆ ಹತ್ತಿ ಕೂತ. ಅವನು ಬೈದಿದ್ದರೆ ಚಲೋ ಇತ್ತು.

ಆ ವಾರ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ. ಟೈರು ಬದಲಿ ಮಾಡಿಸುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅಡುಗೆಮನೆಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಹಿಟ್ಟು ನಾದುವ ಸಪ್ಪಳ ನಿಂತಿತು. ವೈನಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತು ನನ್ನ ಪಟ್ಟಿ ನೋಡಿದಳು.

"ಭಾಳ ನೋವೈತೇನ?"

"ಇಲ್ಲ ವೈನಿ."

"ಬದಲಿ ಮಾಡಸು ತಮ್ಮಾ." ಬೆರಳಿನ ಹಿಟ್ಟು ಉದುರಿಸುತ್ತ ನೆಲ ನೋಡಿಕೊಂಡು ಹೇಳಿದಳು: "ಇನ್ನೊಂದು. ಟಾಕಿ ಹಂತ್ಯಾಕ ಗಾಡಿ ಬಂದ್ ಮಾಡಬ್ಯಾಡ. ಚಾಲೂ ಇಟಗೊಂಡ ಬಾ. ಬರಾಂವ ನೀ ಅಂತ ನನಗ ಗೊತ್ತಾಗಲಿ."

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಹೂಂ ಎಂದೆ.

ಚಾಚಾ ನನ್ನ ಪಟ್ಟಿ ನೋಡಿ ಅರ್ಧಕ್ಕರ್ಧದ ಟೈರನ್ನೇ ಉರುಳಿಸಿಕೊಂಡು ಬಂದರು. ಹಳೆಯ ಮಾಲಿನ ರಬ್ಬರು ಬಿರುಸಾಗಿರುತ್ತದೆ ಎಂದು ಉಗುರು ಊರಿ ತೋರಿಸಿದರು. ಇದರಲ್ಲಿ ಉಗುರು ಇಳಿಯಿತು. ಮಣ್ಣಿಗೆ ಹೋಗುವಾಗ ಗಾಳಿ ಸ್ವಲ್ಪ ಬಿಡಿ, ಪೇಟೆಗೆ ಬಂದ ಮೇಲೆ ಮರೆಯದೆ ತುಂಬಿಸಿರಿ ಎಂದರು. ಹೊಸ ಟೈರು ಡಾಂಬರಿನ ಮೇಲೆ ಉಸುರಿದ ಹಾಗೆ ಹೋಗುತ್ತದೆ, ಹಸಿ ಸಿಮೆಂಟಿನ ಮೇಲೂ ಕಾಲೂರಿ ನಿಲ್ಲುತ್ತದೆ. ಬಿಚ್ಚಿದ ಬಟನ್ ಟೈರುಗಳನ್ನು ಗಾಡಿಗೆ ಕಟ್ಟಿಕೊಂಡು ಊರಿಗೆ ಒಯ್ದೆ. ಅವ್ವ ಅವನ್ನು ಹಿತ್ತಲಿನ ಬಣವೆಯ ತಾಡಪತ್ರಿ ಗಾಳಿಗೆ ಹಾರದ ಹಾಗೆ ಅದರ ಮೇಲೆ ಹಾಕಿಸಿದಳು.

ಆಮೇಲೆ ಎಂಜಿನ್ ಚಾಲೂ ಇಟ್ಟುಕೊಂಡೇ ಇಳಕಲು ಇಳಿಯುತ್ತಿದ್ದೆ. ಮನೆಗೆ ಹೋದರೆ ಹಂಚು ಗೋಡೆಗೆ ಆನಿಕೊಂಡಿರುತ್ತಿತ್ತು. ನಾನು ಕೂತ ಮೇಲೆ ಅದು ಒಲೆ ಏರುತ್ತಿತ್ತು, ಅದು ಕಾಯುವ ತನಕ ವೈನಿ ಮಾತಾಡುತ್ತಿದ್ದಳು: ಮಗಳ ಹಾಸ್ಟೆಲ್ಲಿನ ಊಟದ ಬಗ್ಗೆ, ಶಿರೋಳದಿಂದ ಬರುವ ಆಳುಗಳ ಸೋಮಾರಿತನದ ಬಗ್ಗೆ. ಬೇರೆ ದಿನ ಸಂಜೆ ಬಾಗಿಲಿಗೆ ಬರುವುದನ್ನು ಬಿಟ್ಟಿದ್ದಾಳೆ ಎಂದು ಅವ್ವ ಹೇಳಿದಳು. ಊಟ ಮಾತ್ರ ಇನ್ನೂ ಸರಿಹೋಗಿಲ್ಲ, ನಮಗೆಲ್ಲ ಬಡಿಸಿ ತಾನು ಸುಮ್ಮನೆ ಪಾತ್ರೆ ಮುಚ್ಚಿಡುತ್ತಾಳೆ ಎಂದೂ ಹೇಳಿದಳು.

ಕಳೆದ ಶ್ರಾವಣದ ಒಂದು ಸಂಜೆ. ಗಾಳಿ ಜೋರಿತ್ತು. ದಣಿದಿದ್ದೆನೋ ಏನೋ, ಟಾಕಿಯ ಹತ್ತಿರ ಹಳೆಯ ರೂಢಿಗೆ ಕೈ ಚಾವಿ ತಿರುಗಿಸಿಬಿಟ್ಟಿತು. ಎಂಜಿನ್ ನಿಂತಿತು. ನನ್ನ ಟೈರು ಸಪ್ಪಳವಿಲ್ಲದೆ ಉರುಳುತ್ತಿತ್ತು. ಆಗ ಕೇಳಿಸಿತು, ಗುಂಯ್ ಎಂದು, ಸಣ್ಣಗೆ. ಬಣವೆಯ ಮೇಲಿನ ಟೈರುಗಳೊಳಗೆ ಗಾಳಿ ಹೊಕ್ಕಿರಬೇಕು ಅಂದುಕೊಂಡೆ. ಆದರೆ ಬಣವೆ ನನ್ನ ಮುಂದಿತ್ತು. ಸಪ್ಪಳ ಹಿಂದಿತ್ತು, ನಾನು ಎಷ್ಟು ಇಳಿದರೆ ಅಷ್ಟೇ ಇಳಿಯುತ್ತ. ತಿರುಗಿ ನೋಡುವ ಮನಸ್ಸಾಗಲಿಲ್ಲ. ಹೆದರಿಕೆಯಿಂದ ಮಾತ್ರ ಅಲ್ಲ. ನೋಡಿದರೆ ಇರಲಿಕ್ಕಿಲ್ಲ ಎನಿಸಿತು. ನಡು ಇಳಕಲಿನಲ್ಲಿ ಎಂಜಿನ್ ಮತ್ತೆ ಚಾಲೂ ಮಾಡಿದೆ. ಅದರ ಗದ್ದಲದಲ್ಲಿ ಉಳಿದದ್ದೆಲ್ಲ ಮುಚ್ಚಿಹೋಯಿತು.

ಒಳಗೆ ಹೋದರೆ ಹಂಚು ಒಲೆಯ ಮೇಲಿತ್ತು. ವೈನಿ ನನ್ನ ಕಡೆ ತಿರುಗದೆ ರೊಟ್ಟಿ ಬಡಿಯುತ್ತಿದ್ದಳು.

"ಎರಡ ಸಲ ಬಂದಂಗ ಆತಲ್ಲ ತಮ್ಮಾ."

"ನಡುವ ಗಾಡಿ ಬಂದ್ ಆಗಿತ್ತ ವೈನಿ."

ಅವಳು ಹೂಂ ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬುವ ತನಕ ಕಾದಳು. ತೆಗೆದು ಎರಡು ತುಂಡು ಮಾಡಿ ಒಂದನ್ನು ನನ್ನ ತಾಟಿಗೆ ಹಾಕಿದಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ಒಮ್ಮೆ ನೋಡಿದಳು. ಗಾಳಿ ಇನ್ನೂ ಇತ್ತು. ಆಮೇಲೆ ತನಗೊಂದು ತಾಟು ಎಳೆದುಕೊಂಡು, ಪಲ್ಯ ಹಾಕಿಕೊಂಡು, ಬಿಸಿ ಇರುವಾಗಲೇ ಉಣ್ಣತೊಡಗಿದಳು.